ಇಪ್ಪತ್ತೈದು ನಿಮಿಷದ ಬಂಗಾರ

ಯಾದಗಿರಿ, ಶಹಾಪುರ, ಸುರಪುರದ ಕಡೆಯವರಿಗೆ ಸೂರ್ಯನ ಮೇಲೆ ಹಳೆಯ ಸಿಟ್ಟು. ಶಿವರಾತ್ರಿ ಮುಗಿದದ್ದೇ ಶುರುವಾಗುವ ಬೈಗುಳ ಮಿರಗದ ಮಳೆ ಬೀಳುವವರೆಗೂ ನಿಲ್ಲುವುದಿಲ್ಲ. ಇಂಥ ಸೂರ್ಯನನ್ನು ಹುಡುಕಿಕೊಂಡು ಹೋಗುವ ಒಂದು ಕುಲ ಈಚೆಗೆ ಹುಟ್ಟಿಕೊಂಡಿದೆ. ಅವರೇ ಮದುವೆ ಫೋಟೋದವರು. ಅವರಿಗೂ ಇಡೀ ದಿನದ ಸೂರ್ಯ ಬೇಡ, ಮುಳುಗುವ ಮುಂಚಿನ ಹೊಂಬಿಸಿಲು ಸಾಕು. ಅದಕ್ಕೆ ಅವರು ‘ಗೋಲ್ಡನ್ ಅವರ್’ ಅನ್ನುತ್ತಾರೆ.

ಅವರ್ ಅಂದರಲ್ಲ, ಒಂದು ತಾಸು ಇದ್ದೀತು ಎಂದು ಚಹಾ ಕುಡಿಯುತ್ತ ಕೂತವರು ಕೆಟ್ಟರು. ಸೂರ್ಯ ದಿಗಂತದಿಂದ ಆರು ಡಿಗ್ರಿ ಎತ್ತರಕ್ಕೆ ಇಳಿದಾಗ ಈ ಬೆಳಕು ಹದಕ್ಕೆ ಬರುತ್ತದೆ. ಲಂಡನ್ನಿನಲ್ಲಿ ಮಾರ್ಚ್ ತಿಂಗಳ ಸೂರ್ಯ ಓರೆಯಾಗಿ ಜಾರುತ್ತ, ಅಲ್ಲಿಂದ ಮುಳುಗಲು 40 ನಿಮಿಷದ ಹತ್ತಿರ ತೆಗೆದುಕೊಳ್ಳುತ್ತಾನೆ. ನಮ್ಮದು 16-17ನೇ ಅಕ್ಷಾಂಶದ ನೆಲ. ಇಲ್ಲಿನ ಸೂರ್ಯನಿಗೆ ಅಂಥ ನಯನಾಜೂಕು ಗೊತ್ತಿಲ್ಲ, ನೆಟ್ಟಗೆ ಇಳಿದು ಹೋಗಿಬಿಡುತ್ತಾನೆ. ಸಿಗುವುದು 25 ನಿಮಿಷ. ಅಷ್ಟರಲ್ಲೇ ಮದುಮಗಳ ನಿರಿಗೆ ಸರಿಯಾಗಬೇಕು, ಮದುಮಗನ ಫೋನು ಕಿಸೆ ಸೇರಬೇಕು, ಚೌಕಟ್ಟಿನಲ್ಲಿ ಬಂದು ನಿಂತ ಸೋದರಮಾವನನ್ನು ಮರ್ಯಾದೆಯಿಂದ ಹೊರಗೆ ಕರೆಯಬೇಕು.

ಮಧ್ಯಾಹ್ನ ತೆಗೆದರಾಗದೇ ಎಂದು ಕೇಳುವವರಿದ್ದಾರೆ. ನಮ್ಮಲ್ಲಿ ಅಕ್ಕಿಕಾಳು ಬೀಳುವುದೇ ಹೆಚ್ಚಾಗಿ ಹನ್ನೆರಡೂವರೆಯ ಸುಮಾರಿಗೆ. ಮದುವೆಗಳ ಭರಾಟೆಯ ಮೇ ಮೊದಲ ವಾರದಲ್ಲಿ, 6-7ನೇ ತಾರೀಖಿನ ಹೊತ್ತಿಗೆ, ಈ ಊರುಗಳಲ್ಲಿ ಸೂರ್ಯ ನಡುನೆತ್ತಿಗೆ ಬಂದು ನಿಲ್ಲುತ್ತಾನೆ. ನೆಟ್ಟ ಕಂಬಕ್ಕೂ ನೆರಳಿಲ್ಲ. ಅದು ನಡೆಯುವುದು ಮಧ್ಯಾಹ್ನ 12.18ರ ಸುಮಾರಿಗೆ, ಅಂದರೆ ಮುಹೂರ್ತಕ್ಕೆ ಬೀಗರಿಗಿಂತ ಮೊದಲು ಹಾಜರಾಗುವವನು ಅವನೇ. ಹಂದರದಿಂದ ಹೊರಗೆ ಬಂದು ಫೋಟೋ ತೆಗೆಸಿಕೊಂಡರೆ ಭಾಸಿಂಗದ ನೆರಳು ಮೂಗಿನ ಮೇಲೆ, ಹುಬ್ಬಿನ ನೆರಳು ಕಣ್ಣಿನ ಮೇಲೆ. ಮದುಮಕ್ಕಳು ನಾಲ್ಕು ದಿನ ನಿದ್ದೆಗೆಟ್ಟವರ ಹಾಗೆ ಕಾಣುತ್ತಾರೆ. ಖರೇ ಹೇಳಬೇಕೆಂದರೆ ನಿದ್ದೆಗೆಟ್ಟೂ ಇರುತ್ತಾರೆ.

ಹಾಗಾಗಿ ಸಂಜೆಯೇ ಗತಿ. ಮೇ ನಡುವಿನಲ್ಲಿ ಇಲ್ಲಿ ಸೂರ್ಯ ಮುಳುಗುವುದು ಆರೂ ಮುಕ್ಕಾಲಕ್ಕೆ. ಆರು ಗಂಟೆಗೇ ಯಾದಗಿರಿಯ ಕೋಟೆ ಗುಡ್ಡಕ್ಕೆ ಜೋಡಿಗಳು ಹತ್ತುತ್ತವೆ. ಹೊತ್ತು ಇಳಿದರೂ ಬಂಡೆ ಇನ್ನೂ ಕಾದೇ ಇರುತ್ತದೆ. ಬರಿಗಾಲಲ್ಲಿ ನಿಂತ ಮದುಮಗಳು ಒಂದು ಕಾಲು ಎತ್ತಿ ಇನ್ನೊಂದು ಊರುವುದನ್ನು ಫೋಟೋದವನು ‘ಕ್ಯಾಂಡಿಡ್’ ಎಂದು ಸೆರೆಹಿಡಿಯುತ್ತಾನೆ. ನನಗೆ ಸಿಕ್ಕ ಕೆಲಸ ಬೆಳಕು ತಿರುಗಿಸುವ ಬಿಳಿ ಥರ್ಮೋಕೋಲ್ ಹಾಳೆ ಹಿಡಿಯುವುದು. ‘ಕಾಕಾ, ಸ್ವಲ್ಪ ಮ್ಯಾಲ ಹಿಡೀರಿ. ಲಗೂ ಮಾಡ್ರಿ, ಸೂರ್ಯ ಹೊಂಟಾನ’ ಎಂದು ಆತ ಕೂಗುವಾಗ, ಸೂರ್ಯನನ್ನು ಕಳಿಸುತ್ತಿರುವವನು ನಾನೇ ಏನೋ ಅನ್ನಿಸುತ್ತದೆ. ಗಾಳಿ ಬಂತೆಂದರೆ ಹಾಳೆ ಒಂದು ಕಡೆ, ಕಾಕಾ ಒಂದು ಕಡೆ.

ಶಹಾಪುರದ ಕಥೆ ಬೇರೆ. ಅಲ್ಲಿನ ಬೆಟ್ಟಸಾಲು ಮಲಗಿದ ಬುದ್ಧನ ಹಾಗೆ ಕಾಣುತ್ತದೆ. ಹಣೆ, ಮೂಗು, ಗದ್ದ, ಎದೆ ಎಲ್ಲ ಬಿಡಿಸಿ ಹೇಳುವಷ್ಟು ಸ್ಪಷ್ಟ. ಇತ್ತ ನಾರಾಯಣಪುರ ಜಲಾಶಯದ ಕಾಲುವೆ ನೀರುಂಡ ಭತ್ತದ ಗದ್ದೆ, ಅತ್ತ ಬುದ್ಧ, ನಡುವೆ ಕೈಕೈ ಹಿಡಿದ ಜೋಡಿ. ಚಿತ್ರ ಚೆಂದ ಬರುತ್ತದೆ, ಅದರಲ್ಲಿ ಎರಡು ಮಾತಿಲ್ಲ. ಆದರೆ ಹೆಂಡತಿಯನ್ನೂ ಹಸುಗೂಸನ್ನೂ ಬಿಟ್ಟು ಮಧ್ಯರಾತ್ರಿ ಮನೆಯಿಂದ ಹೊರಟವನನ್ನೇ ಮದುವೆ ಫೋಟೋದ ಹಿನ್ನೆಲೆಗೆ ಇಟ್ಟುಕೊಳ್ಳುವ ಧೈರ್ಯ ನಮ್ಮ ಜಿಲ್ಲೆಯವರಿಗೆ ಮಾತ್ರ ಇದ್ದೀತು. ಹುಡುಗಿಯ ತಾಯಿ ಇದನ್ನು ಇನ್ನೂ ಯೋಚಿಸಿದಂತಿಲ್ಲ. ನಾನೂ ಹೇಳಲು ಹೋಗಿಲ್ಲ.

ಸುರಪುರದಲ್ಲಿ ಗುಡ್ಡದ ಮೇಲೆ ಟೇಲರ್ ಮಂಜಿಲ್ ಇದೆ. ಸುರಪುರ ಸಂಸ್ಥಾನದಲ್ಲಿ ಬ್ರಿಟಿಷರ ಅಧಿಕಾರಿಯಾಗಿದ್ದ ಫಿಲಿಪ್ ಮೆಡೋಸ್ ಟೇಲರನ ಬಂಗಲೆ ಅದು. ಧಾರವಾಡ-ಮೈಸೂರು ಸೀಮೆಯ ಗುಡಿಗಳ ಫೋಟೋಗಳ ದೊಡ್ಡ ಪುಸ್ತಕವೊಂದು 1866ರಲ್ಲಿ ಲಂಡನ್ನಿನಲ್ಲಿ ಅಚ್ಚಾಯಿತು. ಫೋಟೋ ತೆಗೆದವರು ಬೇರೆಯವರು, ವಿವರ ಬರೆದವನು ಇದೇ ಟೇಲರ್. ಆ ಕಾಲದ ಕ್ಯಾಮೆರಾದ ಮುಂದೆ ಕೆಲವು ಸೆಕೆಂಡು ಅಲುಗಾಡದೆ ನಿಲ್ಲಬೇಕಿತ್ತು. ಗುಡಿಗಳು ನಿಂತವು. ನಮ್ಮ ಬೀಗರನ್ನು ನಿಲ್ಲಿಸಿ ನೋಡಬೇಕಿತ್ತು!

ಇದೆಲ್ಲಕ್ಕೂ ಅಡ್ಡ ಬರುವವಳು ಮನೆಯ ಆಯಿ. ‘ಅರಿಷಿಣದ ಮೈ, ದೀಪ ಹಚ್ಚೋ ಹೊತ್ತು, ಗುಡ್ಡಕ್ಕ್ಯಾಕ?’ ಎಂಬ ಆಕೆಯ ಪ್ರಶ್ನೆಗೆ ಯಾವ ಸ್ಟುಡಿಯೋದವನ ಹತ್ತಿರವೂ ಉತ್ತರವಿಲ್ಲ. ಕೊನೆಗೆ ಮದುಮಗಳ ಕೈಗೆ ಒಂದು ನಿಂಬೆಹಣ್ಣು ಕೊಟ್ಟು ಕಳಿಸುತ್ತಾಳೆ. ಗೋಧೂಳಿ ಲಗ್ನದಲ್ಲೇ ಮದುವೆಯಾದ ಹಿರಿಯರೂ ಇದ್ದಾರೆ. ಅವರಿಗೆ ಈ ಬೆಳಕು ಪುಕ್ಕಟೆ ಸಿಕ್ಕಿತ್ತು, ತೆಗೆಯಲು ಕ್ಯಾಮೆರಾ ಇರಲಿಲ್ಲ ಅಷ್ಟೆ.

ನನಗೆ ನಿಜಕ್ಕೂ ಬೇಸರ ಆಲ್ಬಮ್ ಮನೆಗೆ ಬಂದಾಗ. ದಿಗಂತದ ಸೂರ್ಯನ ಬೆಳಕು ನೆತ್ತಿಯ ಸೂರ್ಯನದಕ್ಕಿಂತ ಮೂವತ್ತಕ್ಕೂ ಹೆಚ್ಚು ಪಟ್ಟು ಗಾಳಿಯನ್ನು ದಾಟಿ ಬರುತ್ತದೆ. ನೀಲಿಯೆಲ್ಲ ದಾರಿಯಲ್ಲೇ ಚದುರಿಹೋಗಿ ಕೆಂಪು-ಹಳದಿ ಉಳಿಯುತ್ತದೆ. ಆ ಬೆಳಕು ನಮ್ಮ ಎಣ್ಣೆಗೆಂಪು ಮೈಬಣ್ಣದ ಮೇಲೆ ಬಿದ್ದರೆ ಕೆನ್ನೆಯ ತಿರುವು, ಮೂಗುತಿಯ ಹೊಳಪು, ಎಲ್ಲಕ್ಕೂ ಕಳೆ ಬರುತ್ತದೆ. ಕ್ಯಾಮೆರಾವನ್ನು ‘ಆಟೋ’ದಲ್ಲಿ ಬಿಟ್ಟರೆ ಅದು ಇದನ್ನು ತಪ್ಪೆಂದು ತಿಳಿದು ಅರ್ಧ ಹಳದಿ ತೊಳೆಯುತ್ತದೆ. ಉಳಿದರ್ಧವನ್ನು ತೊಳೆಸುವವರು ನಾವು. ‘ರೊಕ್ಕ ಕೊಟ್ಟೀವಿ, ಬೆಳ್ಳಗ ಮಾಡ್ರಿ’ ಎಂದು ಹೇಳಿ ಬರುತ್ತೇವೆ. ಪಾಪ, ಅವರು ಮಾಡುತ್ತಾರೆ. ಆಮೇಲೆ ಮದುಮಗಳು ಯಾರೆಂದು ಗುರುತು ಹಿಡಿಯಲು ಸೀರೆ ನೋಡಬೇಕು.

ಮುಂದಿನ ಬೇಸಿಗೆಗೆ ಮನೆಯಲ್ಲಿ ಲಗ್ನ ಇಟ್ಟುಕೊಂಡವರಿಗೆ ನನ್ನ ಬಿನ್ನಹ ಇಷ್ಟೇ: ಸಂಜೆ ಆರೂ ಕಾಲರಿಂದ ಆರೂ ಮುಕ್ಕಾಲರವರೆಗೆ ಮಕ್ಕಳನ್ನು ಬಿಟ್ಟುಕೊಡಿ, ಬೀಗರಿಗೆ ಮೊದಲೇ ಹೇಳಿಡಿ. ಆಲ್ಬಮ್ ಮಾಡುವವನಿಗೆ ಮಾತ್ರ ಬಣ್ಣ ಮುಟ್ಟಬೇಡ ಎಂದು ಖಡಕ್ಕಾಗಿ ಹೇಳಿ ಬನ್ನಿ.