ಫೋರ್ ನಾಟ್ ಸೆವೆನ್ನಿನ ನಾಡಿಪರೀಕ್ಷೆ

ಹಳೇ ಲಾರಿ ಕೆಟ್ಟು ನಿಂತರೆ ನಮ್ಮ ಕಡೆ ವೈದ್ಯರಿಗೆ ಬರವಿಲ್ಲ. ಮನುಷ್ಯನಿಗೆ ಏನಾದರೂ ಆದರೆ ಹೊಸನಗರದಿಂದ ಶಿವಮೊಗ್ಗಕ್ಕೋ ಮಣಿಪಾಲಕ್ಕೋ ಓಡಬೇಕು. ಲಾರಿಗೆ ಆದರೆ ತಜ್ಞರು ಅದು ನಿಂತಲ್ಲಿಗೇ ಬರುತ್ತಾರೆ. ಕರೆಯದೆ ಬರುತ್ತಾರೆ, ಫೀಸು ಕೇಳುವುದಿಲ್ಲ, ಬಾನೆಟ್ಟಿನೊಳಗೆ ಒಮ್ಮೆ ಇಣುಕಿ "ಹೋಯ್ತು" ಎಂದು ರಿಪೋರ್ಟು ಕೊಟ್ಟು ಕವಳ ಹಾಕುತ್ತಾರೆ.

ಭಾವನ ಹತ್ತಿರ ಇರುವುದು ಟಾಟಾ 407. ಈ ಮಾದರಿ 1986ರಲ್ಲಿ ರಸ್ತೆಗಿಳಿಯುವ ಹೊತ್ತಿಗೆ ಟೊಯೊಟಾ, ಮಜ್ದಾ, ನಿಸಾನ್, ಮಿತ್ಸುಬಿಷಿ ಎಂದು ಜಪಾನಿನ ಬಾಲ ಹಚ್ಚಿಕೊಂಡ ಪುಟ್ಟ ಲಾರಿಗಳು ಸಾಲುಗಟ್ಟಿ ಬಂದಿದ್ದವು. ಅವುಗಳಲ್ಲಿ ಕೆಲವು ಈಗ ಹೆಸರಿಗೂ ಸಿಗುವುದಿಲ್ಲ. 407 ಇನ್ನೂ ಗೊಬ್ಬರ ಹೊರುತ್ತಿದೆ. ಹಳೆಯ 407ರ ಇಂಜಿನ್ನಿನ ಹೆಸರು 497. ಸಿಲಿಂಡರು 4, ಬೋರು 97 ಮಿಲಿಮೀಟರು, ಒಟ್ಟು 2956 ಸಿಸಿ. ಹೆಸರಿನಲ್ಲೇ ಜಾತಕ ಬರೆದಿಟ್ಟ ಇಂಥ ಪ್ರಾಮಾಣಿಕ ಇಂಜಿನ್ನಿಗೆ ಆಯುಷ್ಯ ಗಟ್ಟಿ. ಆದರೆ ಹೊಟ್ಟೆಗೆ ಆಯಿಲ್ ಹಾಕಬೇಕು.

ಆಯಿಲ್ಲಿನ ವಿಷಯದಲ್ಲಿ ಭಾವನದು ವೈರಾಗ್ಯ. "ಹಳೇ ಇಂಜಿನ್ನು ಸ್ವಲ್ಪ ಕುಡಿಯುತ್ತೆ ಮಾರಾಯ, ಅದಕ್ಕೆಲ್ಲ ತಲೆ ಕೆಡಿಸ್ಕೊಳ್ಬಾರದು" ಎನ್ನುತ್ತಿದ್ದ. ಕುಡಿಯುತ್ತದೆ ಎಂಬುದನ್ನು ಒಪ್ಪಿದವನು ಕುಡಿದಷ್ಟನ್ನು ತುಂಬಬೇಕು ಎಂಬಲ್ಲಿಗೆ ಬರಲೇ ಇಲ್ಲ. ಡ್ಯಾಶ್‌ಬೋರ್ಡಿನ ಆಯಿಲ್ ಸೂಚಕ ಯಾವ ಕಾಲದಲ್ಲೋ ಸತ್ತಿತ್ತು, ಅದಕ್ಕೆ ಯಾರೂ ಅತ್ತಿರಲಿಲ್ಲ. ಹಾಗೆಂದು ಲಾರಿಯ ಮೇಲೆ ಭಕ್ತಿಗೆ ಕಡಿಮೆಯಿಲ್ಲ. ಆಯುಧಪೂಜೆಗೆ ಬಾಳೆಕಂದು, ಚೆಂಡುಹೂವು, ಚಕ್ರದಡಿಗೆ ನಿಂಬೆಹಣ್ಣು, ಮುಂದೆ ಬೂದುಗುಂಬಳ ಎಲ್ಲ ಸಾಂಗವಾಗಿ ನಡೆಯುತ್ತದೆ. ಡಿಪ್‌ಸ್ಟಿಕ್ಕಿನ ಹಿಡಿಗೂ ಕುಂಕುಮ ಬಿದ್ದಿತ್ತು. ಅದನ್ನು ಹೊರಗೆಳೆದು ನೋಡಿದವರು ಮಾತ್ರ ಇರಲಿಲ್ಲ.

ಕುಂದಾಪುರದಿಂದ ಹಂಚು ಹೇರಿಕೊಂಡು ಹುಲಿಕಲ್ ಘಾಟಿ ಹತ್ತುವಾಗ ಸದ್ದು ಶುರುವಾಯಿತು. ಡ್ರೈವರು ಚಂಡಿಕಾಂಬೆಯ ಗುಡಿಯ ಮುಂದೆ ನಿಲ್ಲಿಸಿ, ಕಾಣಿಕೆ ಹಾಕಿ, ಕೈಮುಗಿದು ಮತ್ತೆ ಹೊರಟ. ದೇವಿಯ ಪಾಲಿನದು ಸಂದಿತು, ಇಂಜಿನ್ನಿನ ಪಾಲಿನದು ಸಲ್ಲಲಿಲ್ಲ. ಘಾಟಿಗಳಿಗೂ ಆಯಿಲ್ ಕಡಿಮೆಯಾದ ಇಂಜಿನ್ನಿಗೂ ಹಳೆಯ ದ್ವೇಷ. ಏರಿನಲ್ಲಿ, ತಿರುವಿನಲ್ಲಿ ಚೇಂಬರಿನ ತಳದಲ್ಲಿದ್ದ ಚೂರುಪಾರು ಆಯಿಲ್ ಒಂದು ಬದಿಗೆ ಸರಿಯುತ್ತದೆ. ಪಂಪಿನ ಬಾಯಿಗೆ ಸಿಗುವುದು ಬರೀ ಗಾಳಿ. ಕ್ರ್ಯಾಂಕಿಗೂ ಬೇರಿಂಗಿಗೂ ನಡುವೆ ಇರಬೇಕಾದದ್ದು ಕೂದಲೆಳೆಗಿಂತ ತೆಳುವಾದ ಆಯಿಲ್ಲಿನ ಪೊರೆ. ಅದು ಹರಿದರೆ ಲೋಹಕ್ಕೆ ಲೋಹ ತಾಗುತ್ತದೆ. ಅದರಲ್ಲೂ ಮೊದಲು ಪೆಟ್ಟು ತಿನ್ನುವುದು ಸಾಮಾನ್ಯವಾಗಿ ಕನೆಕ್ಟಿಂಗ್ ರಾಡಿನ ಬೇರಿಂಗು. ಮೇನ್ ಬೇರಿಂಗು ಉಂಡು ಬಿಟ್ಟ ಆಯಿಲ್ ಅದರ ಪಾಲಿಗೆ.

ಮನೆಯಂಗಳದಲ್ಲಿ ಸಭೆ ಸೇರಿತು. ನಿವೃತ್ತ ಬಸ್ ಡ್ರೈವರೊಬ್ಬರು ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಇಂಜಿನ್ನಿಗೂ ಹಿಡಿಯನ್ನು ಕಿವಿಗೂ ಒತ್ತಿ, ಕಣ್ಣು ಮುಚ್ಚಿ, "ಟ್ಯಾಪೆಟ್" ಎಂದರು. ಪಾಲಿಟೆಕ್ನಿಕ್ ಓದುವ ಸೋದರಳಿಯ "ಪಿಸ್ಟನ್" ಎಂದ. ಅಡಿಕೆ ಮಂಡಿಯವರು "ಮಾರಿಬಿಡಿ" ಎಂದರು. ಅದು ಅವರ ಎಲ್ಲ ರೋಗಕ್ಕೂ ಮದ್ದು. ಇನ್ನೊಬ್ಬರು ದಪ್ಪನೆಯ ಗೇರ್ ಆಯಿಲ್ ಸುರಿಯಲು ಹೇಳಿದರು, ಸದ್ದು ನಿಲ್ಲುತ್ತದಂತೆ. ಪ್ರತಿ ಅಭಿಪ್ರಾಯಕ್ಕೂ ಒಮ್ಮೆ ಇಂಜಿನ್ನು ಸ್ಟಾರ್ಟ್ ಮಾಡಿ ತೋರಿಸಬೇಕಾಗುತ್ತಿತ್ತು. ಸಂಗೀತ ಕಚೇರಿಯಲ್ಲಿ ಕಿವಿಯ ಮೇಲೆ ನನಗೂ ಗೌರವವಿದೆ. ಇಲ್ಲಿ ಮಾತ್ರ ಪ್ರತಿ ಆಲಾಪನೆಗೂ ಒಳಗೆ ಇನ್ನಷ್ಟು ಲೋಹ ಸವೆಯುತ್ತಿತ್ತು.

ಮೇಸ್ತ್ರಿ ಬಂದವರು ಮೊದಲು ಮಾಡಿದ ಕೆಲಸ ಕೀಲಿ ಕಿತ್ತು ಜೇಬಿಗೆ ಹಾಕಿಕೊಂಡದ್ದು. ಎರಡನೆಯದು ಸ್ಟಿಕ್ ಎಳೆದದ್ದು. ಪ್ಯಾಂಟಿಗೆ ಒರೆಸಿ ಮತ್ತೆ ಹಾಕಿ ಎಳೆದರು. ತುದಿಯೂ ಒದ್ದೆಯಾಗಿರಲಿಲ್ಲ.

"ಸದ್ದು ಬಂದ ಮೇಲೆ ಎಷ್ಟು ದೂರ ಓಡಿಸಿದ್ರಿ ಗೌಡ್ರೆ?"

ಭಾವ ಡ್ರೈವರನ್ನು ನೋಡಿದ. ಡ್ರೈವರು ಅಡಿಕೆ ಮರದ ಕೊನೆ ನೋಡಿದ.

"ಗೇರ್ ಆಯಿಲ್ ಹಾಕಿದ್ರೆ ಸದ್ದು ನಿಲ್ಲುತ್ತಂತಲ್ಲ?"

"ಮೊದಲು ಸದ್ದು ನಿಲ್ಲುತ್ತೆ, ಆಮೇಲೆ ಲಾರಿ ನಿಲ್ಲುತ್ತೆ."

ಚೇಂಬರಿನ ನಟ್ಟು ಬಿಚ್ಚಿ ಉಳಿದಿದ್ದ ಆಯಿಲ್ಲನ್ನು ಬಿಳಿ ಪಂಚೆಯ ತುಂಡಿನ ಮೇಲೆ ಸೋಸಿದರು. ಫಿಲ್ಟರನ್ನು ಕೊಯ್ದು, ಒಳಗಿನ ಕಾಗದದ ನೆರಿಗೆ ಬಿಡಿಸಿ ಬಿಸಿಲಿಗೆ ಹಿಡಿದರು. ಸಣ್ಣಗೆ ಮಿನುಗಿತು. ಅಯಸ್ಕಾಂತ ಆಡಿಸಿದರು, ಅಂಟಿದ್ದು ಕಡಿಮೆ. ಅಂಟಿದ್ದರೆ ಕಬ್ಬಿಣ, ಉಕ್ಕು: ರಿಂಗೋ ಲೈನರೋ ಕ್ರ್ಯಾಂಕೋ ಸವೆದ ಲೆಕ್ಕ. ಅಂಟದೆ ಉಳಿದ ಕೆಂಪು ಹೊಳಪು ತಾಮ್ರ. ಬೇರಿಂಗಿಗೆ ಬೆನ್ನು ಉಕ್ಕಿನದು, ಅದರ ಮೇಲೆ ತಾಮ್ರದ ಮಿಶ್ರಲೋಹ, ಎಲ್ಲಕ್ಕಿಂತ ಮೇಲೆ ಬೂದುಬಣ್ಣದ ಮೆತ್ತನೆಯ ತೆಳುಪದರ. ತಾಮ್ರ ಹೊರಬಂದಿದೆ ಎಂದರೆ ಮೇಲಿನ ಚರ್ಮ ಪೂರ್ತಿ ಹೋಗಿದೆ ಎಂದರ್ಥ.

"ಚಿನ್ನದ ಹಾಗೇ ಹೊಳೀತಿದೆಯಲ್ಲ!" ಎಂದ ಭಾವ.

"ರೇಟೂ ಹಾಗೇ ಆಗುತ್ತೆ" ಎಂದರು ಮೇಸ್ತ್ರಿ.

ಹೊಸ ಆಯಿಲ್ ತುಂಬಿ, ಸತ್ತ ಸೂಚಕದ ಜಾಗಕ್ಕೆ ತಮ್ಮದೇ ಗೇಜು ಸಿಕ್ಕಿಸಿ, ಸ್ವಲ್ಪವೇ ಹೊತ್ತು ಓಡಿಸಿ ನೋಡಿದರು. ತಣ್ಣಗಿದ್ದಾಗ ಸೂಜಿ ಗಂಭೀರವಾಗಿ ಮೇಲೇರಿತು, ಸಭೆಯಲ್ಲಿ ಹರ್ಷೋದ್ಗಾರ. ಬಿಸಿಯಾಗಿ ಆಯಿಲ್ ತೆಳ್ಳಗಾದಂತೆ ಸೂಜಿ ಕೆಳಗೆ ಕೂತಿತು. ನಿಮಿಷಕ್ಕೆ ಸಾವಿರ ಸುತ್ತಿಗೆ ಸುಮಾರು 10 ಪೌಂಡಿನ ಒತ್ತಡವಾದರೂ ಬೇಕೆಂಬುದು ಹಳೇ ಮೇಸ್ತ್ರಿಗಳ ಕೈಲೆಕ್ಕ. ನಮ್ಮದು ಅದರ ಹತ್ತಿರವೂ ಇರಲಿಲ್ಲ. ಆಯಿಲ್ ಹಾಕುವ ಮುಚ್ಚಳ ತೆಗೆದರೆ ಹೊಗೆ ಅಷ್ಟೇನೂ ನುಗ್ಗಲಿಲ್ಲ. ಬ್ಯಾಕ್ ಕಂಪ್ರೆಶನ್ ಕಡಿಮೆ, ಎಂದರೆ ರಿಂಗು ಪಿಸ್ಟನ್ನು ತಕ್ಕಮಟ್ಟಿಗೆ ಬದುಕಿವೆ. ಸೋದರಳಿಯ ಮೆಲ್ಲಗೆ ಹಿಂದೆ ಸರಿದ.

ಕೊನೆಗೆ ನಾಝಲ್ ಪೈಪುಗಳ ನಟ್ಟನ್ನು ಒಂದೊಂದಾಗಿ ಸಡಿಲಿಸಿದರು. ಹಾಗೆ ಮಾಡಿದಾಗ ಆ ಸಿಲಿಂಡರಿಗೆ ಡೀಸೆಲ್ ತಪ್ಪಿ ಅದು ಕೆಲಸ ಬಿಡುತ್ತದೆ, ರಾಡಿನ ಮೇಲಿನ ಭಾರ ಇಳಿಯುತ್ತದೆ. ಒಂದನೆಯದಕ್ಕೆ ಸದ್ದು ಹಾಗೇ ಇತ್ತು, ಎರಡನೆಯದಕ್ಕೂ ಹಾಗೇ. ಮೂರನೆಯದಕ್ಕೆ "ದಡ್ ದಡ್" ಎನ್ನುತ್ತಿದ್ದದ್ದು ತಟ್ಟನೆ ಮೆತ್ತಗಾಯಿತು. ಟ್ಯಾಪೆಟ್ಟಾಗಿದ್ದರೆ ಕ್ರ್ಯಾಂಕಿನ ಅರ್ಧ ವೇಗದಲ್ಲಿ "ಟಿಕ್ ಟಿಕ್" ಎನ್ನುತ್ತಿತ್ತು, ಡೀಸೆಲ್ ತಪ್ಪಿಸಿದರೂ ಜಗ್ಗುತ್ತಿರಲಿಲ್ಲ. ಬಸ್ ಡ್ರೈವರು ತಲೆಯಾಡಿಸಿ, "ನಾನು ಆಗಲೇ ಹೇಳಿದ್ದೂ ಇದನ್ನೇ" ಎಂದರು. ಅಂಗಳದಲ್ಲಿ ಯಾರೂ ಎದುರಾಡಲಿಲ್ಲ.

ಚೇಂಬರು ಇಳಿಸಿದಾಗ ಮೂರನೆಯ ಬೇರಿಂಗು ಪೂರಾ ತಾಮ್ರವಾಗಿತ್ತು. ಕ್ರ್ಯಾಂಕಿನ ಮೇಲೆ ಉಗುರಿಗೆ ಸಿಕ್ಕುವಷ್ಟು ಗೀರು. ಆ ಒಂದೇ ಬೇರಿಂಗು ಬದಲಿಸಿದರೆ ಸಾಲದೇ ಎಂದು ಭಾವ ಚೌಕಾಸಿಗಿಳಿದ. ಗೀರು ಬಿದ್ದ ಕ್ರ್ಯಾಂಕಿನ ಮೇಲೆ ಹೊಸ ಬೇರಿಂಗು ಕೂರಿಸಿದರೆ ಅದು ಮತ್ತೊಂದು ಘಾಟಿ ದಾಟುವುದಿಲ್ಲ. ಕ್ರ್ಯಾಂಕು ಶಿವಮೊಗ್ಗದ ಲೇತಿಗೆ ಹೋಗಿ 20 ಥೌ, ಎಂದರೆ ಅರ್ಧ ಮಿಲಿಮೀಟರು, ಗ್ರೈಂಡಾಗಿ ಬಂತು. ಅದಕ್ಕೆ ತಕ್ಕ ಬೇರಿಂಗ್ ಸೆಟ್ಟು, ಹೊಸ ಆಯಿಲ್ ಪಂಪು ಬಿದ್ದವು. ಖರ್ಚಿನ ಮೊತ್ತವನ್ನು ಅಕ್ಕನಿಗೆ ಹೇಳಿಲ್ಲ, ನಾನೂ ಬರೆಯುವುದಿಲ್ಲ.

ಹಳೇ ಲಾರಿ ಕೊಳ್ಳಲು ಹೊರಟವರಿಗೆ ಒಂದು ಮಾತು. ಬೆಳಿಗ್ಗೆ ಇಂಜಿನ್ನು ತಣ್ಣಗಿರುವಾಗಲೇ ಹೋಗಿ, ಆರ್‌ಸಿ ಪುಸ್ತಕಕ್ಕಿಂತ ಮೊದಲು ಸ್ಟಿಕ್ ಎಳೆದು ನೋಡಿ. ಘಂಟೆ ಹೊತ್ತು ಓಡಿಸಿ, ಬಿಸಿಯಾದ ಮೇಲೆ ಗೇಜು ಹಾಕಿಸಿ ನೋಡಿ. ನೀವು ಹೋಗುವಷ್ಟರಲ್ಲಿ ಮಾಲೀಕರು ಲಾರಿಯನ್ನು ಸ್ಟಾರ್ಟ್ ಮಾಡಿ ಬೆಚ್ಚಗೆ ಇಟ್ಟಿದ್ದರೆ, ಅವರು ಕೊಟ್ಟ ಕಾಫಿ ಕುಡಿದು ಮನೆಗೆ ಬನ್ನಿ.