ಲ್ಯಾಪ್‌ಟಾಪ್ ಜ್ವರಮೀಮಾಂಸೆ: ಗುಡಿಬಂಡೆ ಸೀಮೆಯ ರೇಷ್ಮೆಹುಳವನ್ನು ಪ್ರಮಾಣವಾಗಿಟ್ಟುಕೊಂಡು

ಎಂಜಿನಿಯರಿಂಗ್ ವ್ಯಾಸಂಗಕ್ಕೆ ಅನಿವಾರ್ಯವೆಂದು ಮನೆಯ ಹಿರಿಯರಿಗೆ ನಿವೇದಿಸಿ ಕೊಳ್ಳಲಾಗುವ, ಗೋಡೆಯ ಪ್ಲಗ್ಗಿನಿಂದ 200 ವ್ಯಾಟಿನಷ್ಟು ವಿದ್ಯುತ್ತನ್ನು ಸೆಳೆದು ಅದನ್ನು ಕ್ಷಣಕಾಲ ಯುದ್ಧದ ಚಿತ್ರವನ್ನಾಗಿಯೂ ಅನಂತರ ಬಹುತೇಕ ಪೂರ್ಣವಾಗಿ ಶಾಖವನ್ನಾಗಿಯೂ ಮಾರ್ಪಡಿಸುವ ಪೆಟ್ಟಿಗೆಗೆ ಗೇಮಿಂಗ್ ಲ್ಯಾಪ್‌ಟಾಪ್ ಎಂದು ಹೆಸರು. ಸುಮ್ಮನೆ ಕುಳಿತ ಒಬ್ಬ ಮನುಷ್ಯನ ಮೈಯಿಂದ ಸುಮಾರು 100 ವ್ಯಾಟ್ ಶಾಖ ಹೊರಡುವುದರಿಂದ, ಇದನ್ನು ಮನೆಗೆ ತರುವುದೆಂದರೆ ಹೊರಡುವ ದಿನ ಹೇಳದ ಇಬ್ಬರು ನೆಂಟರನ್ನು ಕೋಣೆಯಲ್ಲಿ ಕೂರಿಸಿಕೊಂಡಂತೆ. ವ್ಯತ್ಯಾಸವೇನೆಂದರೆ ನೆಂಟರು ಬೆವರುತ್ತಾರೆ, ಪೆಟ್ಟಿಗೆ ಬೆವರಲಾರದು. ಪ್ರಸ್ತುತ ಪ್ರಬಂಧದ ವಾದವಿಷ್ಟೆ: ಬೆವರಲಾರದ ಈ ಪ್ರಾಣಿಯ ಪಾಲನಾಶಾಸ್ತ್ರವು ಗುಡಿಬಂಡೆ ಸೀಮೆಯ ಹುಳದ ಮನೆಗಳಲ್ಲಿ ಮೊದಲೇ ಸಿದ್ಧವಾಗಿದ್ದು, ಕಂಪನಿಗಳು ಅದಕ್ಕೆ ಕೀಬೋರ್ಡನ್ನು ಮಾತ್ರ ಜೋಡಿಸಿವೆ.

ಮೊದಲಿಗೆ ಸ್ಥಳನಿರ್ಣಯ. ಕೋಟೆಯುಳ್ಳ ಗುಡಿಬಂಡೆ ಚಿಕ್ಕಬಳ್ಳಾಪುರ ಜಿಲ್ಲೆಯದು. ಇಲ್ಲಿ ವಿವಕ್ಷಿತವಾದುದು ಮಡಕಶಿರಾ ಸೀಮೆಯದು, ಅನಂತಪುರ ಜಿಲ್ಲೆಯಲ್ಲಿದ್ದು 2022ರ ಏಪ್ರಿಲ್‌ನಿಂದ ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿರುವ, ಕಚೇರಿಯಲ್ಲಿ ತೆಲುಗನ್ನೂ ಅಡುಗೆಮನೆಯಲ್ಲಿ ಕನ್ನಡವನ್ನೂ ಆಡುವ ಊರು. ಈ ನಾಮಸಾಮ್ಯವು ಲ್ಯಾಪ್‌ಟಾಪ್ ಶಾಸ್ತ್ರಕ್ಕೆ ಹೊರತಾದುದಲ್ಲ. ಆರ್‌ಟಿಎಕ್ಸ್ 4060 ಎಂಬ ಒಂದೇ ಹೆಸರಿನ ಚಿತ್ರಚಿಪ್ಪು ಲ್ಯಾಪ್‌ಟಾಪುಗಳಲ್ಲಿ 35 ವ್ಯಾಟಿನದೂ ಇರಬಹುದು, 115 ವ್ಯಾಟಿನದೂ ಇರಬಹುದು. ಹೆಸರನ್ನಷ್ಟೇ ನೋಡಿ ಕೊಂಡವನು, ಕೋಟೆ ನೋಡಲು ಹೊರಟು ಮಡಕಶಿರಾದ ಬಸ್ಸು ಹತ್ತಿದವನ ಗತಿಯನ್ನೇ ಪಡೆಯುತ್ತಾನೆ. ನೆರೆಯ ಹೇಮಾವತಿಯ ಹೆಸರು ‘ಹಿಮ’ದಿಂದ ಬಂದುದು, ಆದಕಾರಣ ಈ ಸೀಮೆಯಲ್ಲಿ ಶೈತ್ಯವಿದ್ಯೆ ನೊಳಂಬರ ಕಾಲದ್ದು ಎಂದು ಯಾರಾದರೂ ಪಂಡಿತರು ಸಾಧಿಸಹೊರಟರೆ, ನೊಳಂಬರ ಆ ರಾಜಧಾನಿಗೆ ಶಾಸನಗಳಲ್ಲಿರುವ ಹೆಸರು ಹೆಂಜೇರು ಎಂಬುದನ್ನು ಅವರಿಗೆ ಮೆಲ್ಲಗೆ ನೆನಪಿಸಬೇಕು.

ಊರಹೆಸರಿನ ಉತ್ತರಪದವಾದ ‘ಬಂಡೆ’ಯಾದರೋ ನಿಜವಾದ ಪ್ರಮಾಣ. ಬೆಳಗಿನ ಏಳು ಗಂಟೆಗೆ ಬಂಡೆಯ ಮೇಲೆ ಕುಳಿತವನು ಅದು ತಂಪೆಂದು ಹೇಳುತ್ತಾನೆ, ಮಧ್ಯಾಹ್ನ ಕುಳಿತವನು ಏನನ್ನೂ ಹೇಳದೆ ಎದ್ದುನಿಲ್ಲುತ್ತಾನೆ, ಇಬ್ಬರೂ ಸುಳ್ಳರಲ್ಲ. ಹೊಸ ಲ್ಯಾಪ್‌ಟಾಪು ಮೊದಲ ಒಂದೆರಡು ನಿಮಿಷ ತನ್ನೊಳಗಿನ ತಾಮ್ರವೇ ಶಾಖವನ್ನು ನುಂಗಿಕೊಳ್ಳುವುದರಿಂದ ಅಮೋಘ ವೇಗವನ್ನು ತೋರುತ್ತದೆ, ಮತ್ತು ಅಂಗಡಿಯಲ್ಲಿ ತೋರಿಸುವುದು ಆ ಎರಡು ನಿಮಿಷವನ್ನೇ. ಆದುದರಿಂದ ಪರೀಕ್ಷೆಯು ಅರ್ಧ ಗಂಟೆಗೆ ಕಡಿಮೆಯಿರಕೂಡದು. ಜೊತೆಗೆ ಕೋಣೆಯ ಉಷ್ಣಾಂಶವನ್ನೂ ಬರೆದಿಡಬೇಕು, ಏಕೆಂದರೆ ಕೆಲಸವೂ ಫ್ಯಾನಿನ ವೇಗವೂ ಅಷ್ಟೇ ಇದ್ದು ಕೋಣೆ ಹತ್ತು ಡಿಗ್ರಿ ಏರಿದರೆ ಚಿಪ್ಪೂ ಹೆಚ್ಚುಕಡಿಮೆ ಅಷ್ಟೇ ಏರುವುದರಿಂದ, ಪುಷ್ಯದಲ್ಲಿ ಬರೆದ ಅಂಕಿ ಚೈತ್ರದಲ್ಲಿ ಸಲ್ಲದು. ಪ್ಲಗ್ ಕಿತ್ತು ಮಾಡಿದ ಪರೀಕ್ಷೆಯಂತೂ, ಬ್ಯಾಟರಿ ಅಷ್ಟು ವಿದ್ಯುತ್ತನ್ನು ಕೊಡಲಾರದ್ದರಿಂದ, ಏಕಾದಶಿಯ ದಿನದ ಕುಸ್ತಿಯಂತೆ ಅಪ್ರಮಾಣ.

ಒಳಗಿನ ವ್ಯವಸ್ಥೆಯ ತಿರುಳು ಶಾಖನಳಿಕೆ, ಎಂದರೆ ಗಾಳಿ ತೆಗೆದು, ಚೂರೇ ಚೂರು ನೀರು ತುಂಬಿ, ಎರಡೂ ತುದಿ ಮುಚ್ಚಿದ ತಾಮ್ರದ ಕೊಳವೆ. ಒತ್ತಡ ತೀರ ಕಡಿಮೆಯಿರುವ ಕಾರಣ ಅದರೊಳಗಿನ ನೀರು ನೂರು ಡಿಗ್ರಿಗೆ ಕಾಯದೆ ಆವಿಯಾಗಿ, ಇನ್ನೊಂದು ತುದಿಯ ತೆಳುತಗಡುಗಳಲ್ಲಿ ಫ್ಯಾನಿನ ಗಾಳಿಗೆ ಶಾಖವನ್ನೊಪ್ಪಿಸಿ ಮತ್ತೆ ನೀರಾಗಿ, ಒಳಗೋಡೆಯ ಬತ್ತಿಯಂಥ ಪದರದ ಮೂಲಕ ಹಿಂದಕ್ಕೆ ಹರಿಯುತ್ತದೆ. ಹನಿ ಇಡ್ಲಿಯ ಮೇಲೆ ಬೀಳದಂತೆ ಪಾತ್ರೆಯ ಮುಚ್ಚಳವನ್ನು ಓರೆಮಾಡಿ ಎತ್ತಬಲ್ಲವರಿಗೆ ಇದರಲ್ಲಿ ಹೊಸತೇನೂ ಇಲ್ಲ.

ಇನ್ನು ಜ್ವರಪ್ರಕರಣ. ರೇಷ್ಮೆ ಬೆಳೆಗಾರರ ಪರಿಭಾಷೆಯಲ್ಲಿ ಜ್ವರವೆಂದರೆ ರೋಗವಲ್ಲ. ಹುಳು ಪೊರೆ ಬಿಡುವ ಮುನ್ನ ಮೇವು ನಿಲ್ಲಿಸಿ, ತಲೆಯೆತ್ತಿ, ಅಲುಗದೆ ಕೂರುವ ಸ್ಥಿತಿ, ಅದರ ಬಾಳಿನಲ್ಲಿ ನಾಲ್ಕು ಬಾರಿ ಬರುವಂಥದು. ಚಿಪ್ಪೂ ಅಂತೆಯೇ 95-100 ಡಿಗ್ರಿಯನ್ನು ಸಮೀಪಿಸಿದಾಗ ಜೀವ ಉಳಿಸಿಕೊಳ್ಳಲು ತಾನೇ ವೇಗವನ್ನು ತಗ್ಗಿಸುತ್ತದೆ. ಇದಕ್ಕೆ ಇಂಗ್ಲಿಷಿನವರು ಕತ್ತು ಹಿಸುಕುವುದು ಎಂಬರ್ಥವೂ ಉಳ್ಳ ಥ್ರಾಟ್ಲಿಂಗ್ ಎಂಬ ಪದವನ್ನು ಇಟ್ಟಿರುವುದು ಅವರ ಸಂಸ್ಕಾರ. ಜ್ವರವೆಂಬುದೇ ಹೆಚ್ಚು ಕರುಣೆಯ ಮಾತು, ಹೆಚ್ಚು ನಿಖರವೂ ಹೌದು. ಜ್ವರಕ್ಕೆ ಕೂತ ಹುಳಕ್ಕೆ ಸೊಪ್ಪು ಹಾಕಬಾರದೆಂಬುದು ಹುಳದ ಮನೆಯ ಮೊದಲ ಪಾಠವಾಗಿದ್ದರೂ, ಅದೇ ಮನೆಯ ಹುಡುಗರು ಜ್ವರಕ್ಕೆ ಕೂತ ಲ್ಯಾಪ್‌ಟಾಪಿಗೆ ಟರ್ಬೊ ಮೋಡ್ ಎಂಬ ಸೊಪ್ಪನ್ನು ಇನ್ನೊಂದು ಹೊರೆ ಸುರಿಯುತ್ತಾರೆ. ಚಿಪ್ಪಿನ ವಿದ್ಯುತ್ ವ್ಯಯವು ವೇಗದೊಡನೆ ಏರುವುದಲ್ಲದೆ ವೋಲ್ಟೇಜಿನ ವರ್ಗಕ್ಕೆ ಅನುಗುಣವಾಗಿಯೂ ಏರುವುದರಿಂದ, ವೇಗದ ಕೊನೆಯ ಚೂರಿಗೆ ತೆರಬೇಕಾದ ಶಾಖ ವಿಪರೀತ. ಆ ಚೂರನ್ನು ಬಿಟ್ಟುಕೊಟ್ಟರೆ ಜ್ವರ ಇಳಿಯುತ್ತದೆ, ಆಟವೂ ಕೆಡುವುದಿಲ್ಲ.

ಪಂಥಭೇದಗಳಲ್ಲಿ ದಿಂಬುಪಂಥವು ಹಾಸಿಗೆಯ ಮೇಲಿಟ್ಟು ತಳದ ಗಾಳಿಕಿಂಡಿಗಳನ್ನು ಮುಚ್ಚುವುದರಿಂದ ಖಂಡನೆಗೂ ಅರ್ಹವಲ್ಲ. ಹಿಂಬದಿಯ ಎರಡು ಮೂಲೆಗೆ ಇಟ್ಟಿಗೆ ಕೊಡುವ ಇಟ್ಟಿಗೆಪಂಥವು ಖರ್ಚಿಲ್ಲದ ಕಾರಣಕ್ಕೇ ಅಗೌರವಕ್ಕೆ ಪಾತ್ರವಾಗಿದ್ದರೂ, ತಳಕ್ಕೆ ಗಾಳಿಯಾಡಿಸುವುದರಿಂದ ಗ್ರಾಹ್ಯ. ಗೋಣಿಪಂಥವು ಹುಳದ ಮನೆಯಿಂದ ನೇರವಾಗಿ ಬಂದುದು: ದೊಡ್ಡ ಹುಳಕ್ಕೆ 24-25 ಡಿಗ್ರಿ ಬೇಕಾದುದರಿಂದ ಬೇಸಗೆಯಲ್ಲಿ ಕಿಟಕಿಗೆ ಒದ್ದೆ ಗೋಣಿ ಕಟ್ಟುತ್ತಾರೆ, ಈ ಮಳೆನೆರಳು ಸೀಮೆಯ ಒಣಗಾಳಿಯಲ್ಲಿ ನೀರು ಬೇಗ ಆರಿ ಕೋಣೆ ತಂಪಾಗುತ್ತದೆ. ಲ್ಯಾಪ್‌ಟಾಪಿಗೂ ಇದು ಸಲ್ಲುತ್ತದೆ, ಗೋಣಿಯನ್ನು ಕಟ್ಟಬೇಕಾದುದು ಕಿಟಕಿಗೆ ಎಂಬ ಮಾತನ್ನು ಶಿಷ್ಯರು ಪೂರ್ತಿ ಕೇಳಿಸಿಕೊಂಡ ಪಕ್ಷದಲ್ಲಿ.

ಟೇಬಲ್ ಫ್ಯಾನ್ ಪಂಥದ ತೊಡಕು ಭೌತಶಾಸ್ತ್ರದ್ದಲ್ಲ, ಮನೆಯದ್ದು. ನಾಲ್ಕನೇ ಜ್ವರದಿಂದೆದ್ದ ಹುಳು ತನ್ನ ಬಾಳಿನ ಒಟ್ಟು ಮೇವಿನ ಬಹುಪಾಲನ್ನು ಆ ಏಳೆಂಟು ದಿನಗಳಲ್ಲೇ ತಿನ್ನುವುದರಿಂದ ಅದಕ್ಕೆ ಗಾಳಿ ಅತ್ಯಗತ್ಯ, ಮತ್ತು ಮನೆಯಲ್ಲಿರುವುದು ಒಂದೇ ಫ್ಯಾನು. ಹಿಂದೂಪುರದ ಗೂಡಿನ ಮಾರುಕಟ್ಟೆಯಲ್ಲಿ ಲ್ಯಾಪ್‌ಟಾಪಿನ ಕಂತಿಗೆ ಹಣ ಹುಟ್ಟಿಸುವುದು ಹುಳುವೇ ಹೊರತು ಆಟದ ಗೆಲುವಲ್ಲವಾದುದರಿಂದ, ಫ್ಯಾನು ಯಾವ ಕಡೆಗೆಂಬುದನ್ನು ಅಜ್ಜಿ ಚರ್ಚೆಗೆ ಬಿಡುವುದಿಲ್ಲ. ಆ ದಿನಗಳಲ್ಲಿ ಲ್ಯಾಪ್‌ಟಾಪು ಸೈಲೆಂಟ್ ಮೋಡಿನಲ್ಲಿ ಸಾಗತಕ್ಕದ್ದು. ಅದರ ಫ್ಯಾನುಗಳ ಆರ್ಭಟ ಅಡಗಿದಾಗ ಪಕ್ಕದ ಕೋಣೆಯಲ್ಲಿ ಹುಳುಗಳು ಸೊಪ್ಪು ಮೇಯುವ ಸದ್ದು ಹೊರಗೆ ಮಳೆ ಬಂದಂತೆ ಕೇಳಿಸುತ್ತದೆ, ಮತ್ತು ಹುಡುಗನು ಆಟ ನಿಲ್ಲಿಸಿ ಕಿಟಕಿಯ ಗೋಣಿ ಸರಿಸಿ ಒಮ್ಮೆ ಆಕಾಶ ನೋಡುತ್ತಾನೆ.