ಕೆಂಪು ಸಾಲು, ಹಸಿರು ಸಾಲು

ಅಕ್ಟೋಬರ್ ಬಂತೆಂದರೆ ನಿಟ್ಟೆ, ಮಣಿಪಾಲದ ಕಾಲೇಜು ಮಕ್ಕಳಿಗೆ ಓಪನ್ ಸೋರ್ಸ್ ನೆನಪಾಗುತ್ತದೆ. ಹ್ಯಾಕ್ಟೋಬರ್‌ಫೆಸ್ಟ್ ಉಂಟಲ್ಲ ಮಾರಾಯ್ರೆ, ಅದೇ. ನಾಲ್ಕು ಪುಲ್ ರಿಕ್ವೆಸ್ಟ್ ಕಳಿಸಿದರೆ ಒಂದು ಟೀ ಶರ್ಟು ಕೊಡುತ್ತಿದ್ದ ಕಾಲ. 2020ರಲ್ಲಿ ಅದು ಎಲ್ಲಿಗೆ ಮುಟ್ಟಿತೆಂದರೆ, ರೀಡ್‌ಮಿ ಫೈಲಿಗೆ 'ಅಮೇಜಿಂಗ್ ಪ್ರಾಜೆಕ್ಟ್' ಅಂತ ಎರಡು ಶಬ್ದ ಸೇರಿಸಿ ಕಳಿಸಿದವರೇ ರಾಶಿ. ಕಡೆಗೆ, ಒಪ್ಪಿಕೊಂಡ ಪ್ರಾಜೆಕ್ಟುಗಳದ್ದು ಮಾತ್ರ ಲೆಕ್ಕಕ್ಕೆ ಅಂತ ನಿಯಮವನ್ನೇ ಬದಲಿಸಬೇಕಾಯಿತು. ಆದರೂ ಆ ಮಕ್ಕಳ ಮೇಲೆ ನನಗೆ ಸಿಟ್ಟು ಬರುವುದಿಲ್ಲ. ಅಂಗಿಯ ಆಸೆಗೆ ಬಂದವರಲ್ಲಿ ಒಬ್ಬರಿಬ್ಬರು ಕೆಲಸ ಹಿಡಿಸಿ ನಿಂತುಬಿಡುತ್ತಾರೆ. ಅಂಥವರ ಕೋಡು ನೋಡಲು ಕೂತರೆ ಊಟದ ಹೊತ್ತು ಮೀರಿದ್ದೂ ಗೊತ್ತಾಗುವುದಿಲ್ಲ.

ನಿಟ್ಟೆಯಲ್ಲಿ ಇಂಜಿನಿಯರಿಂಗ್ ಓದುವ ಹುಡುಗಿಯೊಬ್ಬಳು ಒಮ್ಮೆ ನಾನು ನೋಡಿಕೊಳ್ಳುವ ಕನ್ನಡದ ಪದಪಟ್ಟಿಗೆ ತಿದ್ದುಪಡಿ ಕಳಿಸಿದಳು. ತೆರೆದು ನೋಡಿದರೆ ವಿಚಿತ್ರ. ತೆಗೆದ ಸಾಲು ಕೆಂಪು, ಹಾಕಿದ ಸಾಲು ಹಸಿರು, ಅದು ಸರಿ. ಆದರೆ ಕೆಂಪಿನಲ್ಲಿಯೂ 'ಬಸ್', ಹಸಿರಿನಲ್ಲಿಯೂ 'ಬಸ್'! ಅದರ ಕೆಳಗೆ 'ಕಾಲೇಜ್', ಮತ್ತೆ 'ಕಾಲೇಜ್'. ಹೀಗೆ ಪುಟಗಟ್ಟಲೆ. ಎಂತ ಬದಲಾಯಿಸಿದ್ದಾಳೆ ಇವಳು ಅಂತ ಅನಿಸದೆ ಇರುತ್ತದಾ?

ಸಂಗತಿ ಎಂತ ಅಂದರೆ, ಹಳೆಯ ಶಬ್ದಗಳ ಬಾಲಕ್ಕೆ ಕಣ್ಣಿಗೆ ಕಾಣದ ಒಂದು ಅಕ್ಷರ ಅಂಟಿಕೊಂಡಿತ್ತು. ಬೇರೆ ಬೇರೆ ಫೈಲುಗಳಿಂದ ಎತ್ತಿ ತರುವಾಗ ಬಂದದ್ದು. ಅದು ಇದ್ದರೆ ಹುಡುಕಿದ ಶಬ್ದ ಸಿಗುವುದಿಲ್ಲ. ಪಾಪ, ಎಲ್ಲವನ್ನೂ ಒಂದು ಪ್ರೋಗ್ರಾಮಿನಿಂದ ಗುಡಿಸಿ ಚೊಕ್ಕ ಮಾಡಿದ್ದಳು. ಒಳ್ಳೆಯ ಕೆಲಸವೇ.

ಇದನ್ನು ಹೇಳುವಾಗ ನನಗೆ ಮೊಳೆ ಜೋಡಿಸುತ್ತಿದ್ದ ಕಾಲದ ಪ್ರೆಸ್ಸು ನೆನಪಾಗುತ್ತದೆ. ಮದುವೆ ಕಾಗದ, ಜಾತ್ರೆಯ ಹ್ಯಾಂಡ್‌ಬಿಲ್ಲು ಎಲ್ಲ ಅಲ್ಲಿಯೇ. ಪ್ರೂಫ್ ನೋಡುವ ಹಿರಿಯರೊಬ್ಬರಿದ್ದರು. ಅವರು ಸಾಲನ್ನು ಕೊನೆಯಿಂದ ಓದುತ್ತಿದ್ದರು, ಒಂದೊಂದೇ ಶಬ್ದ ಹಿಂದಕ್ಕೆ. ಮುಂದಿನಿಂದ ಓದಿದರೆ ಅರ್ಥ ಮನಸ್ಸಿಗೆ ಬಂದುಬಿಡುತ್ತದೆ, ಆಮೇಲೆ ಕಣ್ಣು ಇಲ್ಲದ್ದನ್ನೂ ಉಂಟು ಅಂತ ಓದುತ್ತದೆ ಅನ್ನುತ್ತಿದ್ದರು. ಕೋಡು ನೋಡುವುದೂ ಹಾಗೆಯೇ. ಬರೆದವರ ಉದ್ದೇಶ ಮೊದಲೇ ತಲೆಯಲ್ಲಿ ಕೂತರೆ ಬರೆದದ್ದು ಕಾಣಿಸುವುದಿಲ್ಲ.

ಹಾಗೆ ಕೆಳಗಿನಿಂದ ಮೇಲಕ್ಕೆ ನೋಡುತ್ತಾ ಹೋದಾಗ ಸಿಕ್ಕಿತು ನೋಡಿ. ಕೆಂಪಿನಲ್ಲಿ 'ರ‍್ಯಾಂಕ್', ಹಸಿರಿನಲ್ಲಿ 'ರ್ಯಾಂಕ್'. ಇನ್ನೂ ಸ್ವಲ್ಪ ಮೇಲೆ, 'ಬಸ್‌ನಲ್ಲಿ' ಹೋಗಿ 'ಬಸ್ನಲ್ಲಿ' ಆಗಿ ಕೂತಿದೆ. ಬಾಲದಲ್ಲಿದ್ದಾಗ ಕಸವಾದದ್ದು ನಡುವೆ ಇದ್ದಾಗ ಬೇಕೇ ಬೇಕು. ಗುಡಿಸುವ ಪ್ರೋಗ್ರಾಮಿಗೆ ಆ ವ್ಯತ್ಯಾಸ ಎಲ್ಲಿಂದ ತಿಳಿಯಬೇಕು, ಅಲ್ವಾ?

ಈಗ ಉತ್ತರ ಬರೆಯುವ ಕೆಲಸ. ಮೊದಲ ಸಲ ಕಳಿಸಿದವರಿಗೆ 'ತಪ್ಪು' ಅಂತ ಒಂದೇ ಶಬ್ದ ಬರೆದು ಮುಚ್ಚಿಬಿಟ್ಟರೆ ಅವರು ಮತ್ತೆ ಈ ಕಡೆ ತಲೆ ಹಾಕುವುದಿಲ್ಲ. ಬಾಲದ್ದು ಮಾತ್ರ ತೆಗೆಯಮ್ಮ, ನಡುವಿನದ್ದು ಬಿಡು, ಯಾಕೆಂದರೆ ಹೀಗೆ ಅಂತ ಎರಡು ಶಬ್ದ ಉದಾಹರಣೆ ಕೊಟ್ಟು ಬರೆದೆ. ಮರುದಿನವೇ ಸರಿಮಾಡಿ ಕಳಿಸಿದಳು. ಮರ್ಜ್ ಮಾಡಿದೆ.

ಇಷ್ಟು ಸಣ್ಣದಕ್ಕೆ ಇಷ್ಟು ಹೊತ್ತಾ ಅಂತ ಕೇಳುವವರು ಇದ್ದಾರೆ. ಅವರಿಗೆ ನಾನು ಎಕ್ಸ್‌ಝಡ್‌ನ ಕತೆ ಹೇಳುವುದು. ಫೈಲು ಕುಗ್ಗಿಸುವ ತಂತ್ರಾಂಶ, ಲಿನಕ್ಸ್ ಇದ್ದಲ್ಲೆಲ್ಲ ಉಂಟು. ನೋಡಿಕೊಳ್ಳುತ್ತಿದ್ದವರು ಲಾಸ್ಸೆ ಕಾಲಿನ್, ಹೆಚ್ಚುಕಡಿಮೆ ಒಬ್ಬರೇ, ಅದೂ ಸಂಬಳವಿಲ್ಲದೆ. 2022ರಲ್ಲಿ ಯಾರ‍್ಯಾರೋ ಯಾಕೆ ತಡ, ಯಾಕೆ ತಡ ಅಂತ ಅವರ ಬೆನ್ನು ಬಿದ್ದರು. ಆಗ ಸಹಾಯಕ್ಕೆ ಮುಂದೆ ನಿಂತದ್ದು ಜಿಯಾ ಟಾನ್ ಎಂಬ ಹೆಸರಿನವರು. ಎರಡು ವರ್ಷಕ್ಕೂ ಮಿಕ್ಕಿ ನಂಬಿಕೆ ಗಳಿಸಿ, ಕಡೆಗೆ ಕಳ್ಳಬಾಗಿಲು ಇಟ್ಟರು. ಅದನ್ನು ಅಡಗಿಸಿದ್ದು ಪರೀಕ್ಷೆಗೆಂದು ಇಟ್ಟ ಬೈನರಿ ಫೈಲುಗಳಲ್ಲಿ. ಅವನ್ನು ಯಾರು ಬಿಡಿಸಿ ಓದುತ್ತಾರೆ ಹೇಳಿ? ನನ್ನನ್ನು ಬಿಡದೆ ಕಾಡುವುದು ಮಾತ್ರ ಅವರದೇ ಇನ್ನೊಂದು ಬದಲಾವಣೆ. ಲ್ಯಾಂಡ್‌ಲಾಕ್ ಎಂಬ ರಕ್ಷಣೆ ಉಂಟೋ ಇಲ್ಲವೋ ಅಂತ ಪರೀಕ್ಷಿಸುವ ಪುಟ್ಟ ಕೋಡಿನಲ್ಲಿ, ಸಾಲಿನ ಆರಂಭಕ್ಕೆ ಬರೇ ಒಂದು ಚುಕ್ಕೆ. ಚುಕ್ಕೆಯಿಂದಾಗಿ ಆ ಪರೀಕ್ಷೆ ಯಾವತ್ತೂ ಪಾಸಾಗುವುದಿಲ್ಲ, ರಕ್ಷಣೆ ತಾನಾಗಿ ಬಿಟ್ಟುಹೋಗುತ್ತದೆ. ಪರದೆಯ ಮೇಲೆ ನೊಣದ ಕಾಲಿನಷ್ಟೂ ಇಲ್ಲ ಅದು! ಕಳ್ಳಬಾಗಿಲು ಹೊರಬಿದ್ದದ್ದು 2024ರ ಮಾರ್ಚ್ 29ಕ್ಕೆ. ಲಾಗಿನ್ ಅರ್ಧ ಸೆಕೆಂಡು ನಿಧಾನವಾಯಿತಲ್ಲ, ಯಾಕೆ ಅಂತ ಆಂಡ್ರೆಸ್ ಫ್ರಾಯಿಂಡ್ ಬೆನ್ನು ಹತ್ತಿದ್ದರಿಂದ. ಅವರು ಬೇರೆ ಎಂತದೋ ಕೆಲಸದಲ್ಲಿದ್ದವರು. ಆ ಅರ್ಧ ಸೆಕೆಂಡು ಹೋದರೆ ಹೋಗಲಿ ಅಂತ ಬಿಟ್ಟಿದ್ದರೆ?

ಇರಲಿ. ಈಗ ಆ ಹುಡುಗಿ ತಂಟೆಯ ಶಬ್ದಗಳ ಪಟ್ಟಿಯೊಂದನ್ನು ಮಾಡುತ್ತಿದ್ದಾಳೆ. ಯಾರು ಎಂತದೇ ಕಳಿಸಲಿ, ಮೊದಲು ಆ ಪಟ್ಟಿ ದಾಟಿ ಬರಬೇಕು. ತಲೆಗೆ ನಮ್ಮ 'ಕಾರ್ಕಳ'ವನ್ನೇ ಇಟ್ಟಿದ್ದೇವೆ. ಕಿನ್ನಿಕಂಬಳದ ಕೆ.ಪಿ. ರಾವ್ ಅವರ ಕೀಲಿಮಣೆಯಲ್ಲಿ ಒತ್ತಿ ನೋಡಿ: ಕೆ, ಶಿಫ್ಟ್ ಎ, ಆರ್, ಎಫ್, ಕೆ, ಶಿಫ್ಟ್ ಎಲ್. 'ರ' ಮೊದಲು ಒತ್ತಿದರೂ 'ಕ' ಬಂದ ಕೂಡಲೇ ಹಾರಿ ಅದರ ಬಲಕ್ಕೆ ಅರ್ಕಾವೊತ್ತಾಗಿ ಕೂರುತ್ತದೆ. ನಮಗೆ ಅಭ್ಯಾಸ, ಯಂತ್ರಕ್ಕೆ ಅದೊಂದು ಸರ್ಕಸ್ಸು. ಆ ವಿನ್ಯಾಸ ಈಗ ಲಿನಕ್ಸಿನಲ್ಲಿ ಕೆಜಿಪಿ ಹೆಸರಿನಲ್ಲಿ ಸಿಗುತ್ತದೆ, ಬಳಸುತ್ತೀರಲ್ಲ? ಎರಡನೆಯದು 'ಸೂರ್ಯ', ಮೂರನೆಯದು 'ರ‍್ಯಾಂಕ್'. ಎರಡರಲ್ಲಿಯೂ ರಕಾರ, ಯಕಾರವೇ, ಆದರೆ ಒಂದಕ್ಕೆ ಕಾಣದ ಅಕ್ಷರ ಬೇಕು, ಇನ್ನೊಂದಕ್ಕೆ ಕೂಡದು. ಆಮೇಲೆ 'ಬಸ್‌ನಲ್ಲಿ'. ಇನ್ನೂ ಸಾಲದು ಅನ್ನುತ್ತಾಳೆ ಅವಳು. ನಿಮಗೆ ಅಂಥದ್ದು ಯಾವುದಾದರೂ ಹೊಳೆದರೆ ಹೇಳಿ ಮಾರಾಯ್ರೆ, ಸೇರಿಸುವ.